ಕಂಠದ ಕೆಲಸ: ಧ್ವನಿ ಸ್ತ್ರೀಕರಣದ ಶಸ್ತ್ರಚಿಕಿತ್ಸೆಯನ್ನು ತೂಗುವ ಬಗೆ



ದತ್ತಿ ಉಪನ್ಯಾಸವೆಂದರೆ ಸಾಹಿತ್ಯ, ಸಂಗೀತ, ರಂಗಭೂಮಿಗಳ ಮಾತು ಎಂಬುದು ಮುಂಬಯಿ ಕನ್ನಡಿಗರ ರೂಢಿ. ಇಂದಿನ ವಿಷಯ ಮೇಲ್ನೋಟಕ್ಕೆ ಅವುಗಳಿಂದ ದೂರದ್ದು: ಟ್ರಾನ್ಸ್ ಮಹಿಳೆಯರ ಧ್ವನಿಯನ್ನು ಹೆಣ್ಣುಧ್ವನಿಯಾಗಿಸುವ ಶಸ್ತ್ರಚಿಕಿತ್ಸೆ. ಹುಟ್ಟಿದಾಗ ಗಂಡೆಂದು ದಾಖಲಾಗಿ, ತಾನು ಹೆಣ್ಣೆಂದು ಅರಿತು ಹಾಗೆಯೇ ಬದುಕುತ್ತಿರುವವಳ ಮುಂದೆ ಇಂದು ನಾಲ್ಕಾರು ಬಗೆಯ ಶಸ್ತ್ರಕ್ರಿಯೆಗಳಿವೆ. ಯಾವುದನ್ನು ಆರಿಸಬೇಕು, ಯಾವಾಗ ಆರಿಸಬೇಕು, ಆರಿಸಲೇಬೇಕೇ ಎಂಬುದು ಅವಳ ತೀರ್ಮಾನ. ಆ ತೀರ್ಮಾನಕ್ಕೆ ಯಾವ ಅಳತೆ ಹಿಡಿಯಬೇಕೆಂಬುದನ್ನು ನಾವೆಲ್ಲರೂ ಕೂಡಿ ಯೋಚಿಸಬಹುದು. ನನ್ನ ವಾದ ಇದು: ಶ್ರುತಿ ಎಷ್ಟು ಏರಿತು ಎಂಬ ಒಂದೇ ಲೆಕ್ಕದಿಂದ ಈ ಚಿಕಿತ್ಸೆಗಳನ್ನು ಹೋಲಿಸಿದರೆ ತಪ್ಪು ಆಯ್ಕೆಯಾಗುತ್ತದೆ. ಆ ಕಂಠ ದಿನವಿಡೀ ಏನೇನು ಕೆಲಸ ಮಾಡಬೇಕು ಎಂಬುದನ್ನು ಮೊದಲು ಕೇಳಬೇಕು. ಹಾಗೆ ಕೇಳಿದಾಗ ವಾಕ್‌ಚಿಕಿತ್ಸೆ ಮೊದಲ ಹೆಜ್ಜೆಯಾಗುತ್ತದೆ, ಶಸ್ತ್ರಚಿಕಿತ್ಸೆ ಅದರ ಜೊತೆಗೂಡಿ ಬರುತ್ತದೆ, ಎರಡನ್ನೂ ಕೈಗೆಟುಕಿಸುವ ಹೊಣೆ ನಮ್ಮ ಸಾರ್ವಜನಿಕ ಸಂಸ್ಥೆಗಳ ಮೇಲೆ ಬೀಳುತ್ತದೆ.

ಕಂಠದ ಕೆಲಸವನ್ನು ಅರಿಯಲು ದೂರ ಹೋಗಬೇಕಿಲ್ಲ. ಬೆಳಗಿನ ದಟ್ಟಣೆಯಲ್ಲಿ ಚೆಂಬೂರು ನಿಲ್ದಾಣದಿಂದ ಹಾರ್ಬರ್ ಲೈನಿನ ಲೇಡೀಸ್ ಡಬ್ಬಿ ಹತ್ತಿದವಳಿಗೆ ತಿಲಕ್ ನಗರ ದಾಟುವ ಹೊತ್ತಿಗೆ ಹಿಂದಿನಿಂದ ಒಂದು ಪ್ರಶ್ನೆ ಬರುತ್ತದೆ: 'ಕುರ್ಲಾ?' ಮುಂದೆ ನಿಂತವಳು ಇಳಿಯುವವಳೋ ಅಲ್ಲವೋ ಎಂದು ತಿಳಿದು ಬಾಗಿಲಿನತ್ತ ಜಾಗ ಮಾಡಿಕೊಳ್ಳುವ ಪದ್ಧತಿ ಅದು. ಉತ್ತರ 'ಹಾಂ' ಎಂಬ ಒಂದೇ ಅಕ್ಷರ. ಸೀರೆ, ಜಡೆ, ಕುಂಕುಮಗಳು ಎಬ್ಬಿಸದ ಅನುಮಾನವನ್ನು ಆ ಒಂದು ಅಕ್ಷರ ಎಬ್ಬಿಸಬಲ್ಲದು. ಮರುಕ್ಷಣವೇ ಸುತ್ತಲಿನ ತಲೆಗಳು ತಿರುಗುತ್ತವೆ. ಫೋನಿನಲ್ಲಂತೂ ಮುಖವೂ ನೆರವಿಗೆ ಬರುವುದಿಲ್ಲ. ಖಾತೆಯಲ್ಲಿ ಹೆಣ್ಣಿನ ಹೆಸರಿದ್ದು, ಕೇಳಿಸುವ ಧ್ವನಿ ಗಂಡಿನದೆನಿಸಿದರೆ, ಸಹಾಯವಾಣಿಯವರು ಖಾತೆದಾರರಿಗೇ ಫೋನ್ ಕೊಡಿ ಎನ್ನುತ್ತಾರೆ. ಭಾಷೆಯಿಂದ ಭಾಷೆಗೂ ಇಲ್ಲಿ ವ್ಯತ್ಯಾಸವಿದೆ. ಹಿಂದಿ, ಮರಾಠಿಗಳಲ್ಲಿ ಮಾತನಾಡುವವಳು ತನ್ನ ಕ್ರಿಯಾಪದದಲ್ಲೇ ತಾನು ಹೆಣ್ಣೆಂದು ತಿಳಿಸಿಬಿಡುತ್ತಾಳೆ. ಕನ್ನಡ, ತುಳುಗಳ ಉತ್ತಮ ಪುರುಷಕ್ಕೆ ಲಿಂಗಭೇದವಿಲ್ಲ. ಆದ್ದರಿಂದ ಈ ಭಾಷೆಗಳಲ್ಲಿ ಫೋನಿಗೆ ಸಿಕ್ಕ ಅಪರಿಚಿತೆಯ ಬಗ್ಗೆ ಕೇಳುವವರ ಊಹೆಯೆಲ್ಲ ನಡೆಯುವುದು ಧ್ವನಿಯ ಆಧಾರದ ಮೇಲೆಯೇ.

ಈ ತೊಡಕಿನ ಮೂಲ ಹದಿಹರೆಯದಲ್ಲಿದೆ. ಆಗ ಟೆಸ್ಟೊಸ್ಟೆರೋನ್ ಧ್ವನಿಪೆಟ್ಟಿಗೆಯನ್ನು ಹಿಗ್ಗಿಸುತ್ತದೆ, ಧ್ವನಿತಂತುಗಳನ್ನು ಉದ್ದ ಹಾಗೂ ದಪ್ಪ ಮಾಡುತ್ತದೆ, ಕಂಠಮಣಿಯನ್ನು ಮುಂದಕ್ಕೆ ತಳ್ಳುತ್ತದೆ. ಟ್ರಾನ್ಸ್ ಪುರುಷರು ಟೆಸ್ಟೊಸ್ಟೆರೋನ್ ತೆಗೆದುಕೊಂಡಾಗ ಕೆಲವು ತಿಂಗಳುಗಳಲ್ಲೇ ಅವರ ಧ್ವನಿ ಇಳಿಯುವುದು ಇದೇ ಕಾರಣಕ್ಕೆ. ಆದರೆ ಇದು ಏಕಮುಖ ಸಂಚಾರ. ಟ್ರಾನ್ಸ್ ಮಹಿಳೆಯರು ತೆಗೆದುಕೊಳ್ಳುವ ಈಸ್ಟ್ರೊಜೆನ್ ಚರ್ಮವನ್ನು ಮೃದುಗೊಳಿಸುತ್ತದೆ, ಸ್ತನಗಳನ್ನು ಬೆಳೆಸುತ್ತದೆ. ಒಮ್ಮೆ ದಪ್ಪವಾದ ಧ್ವನಿತಂತುಗಳನ್ನು ತೆಳುಮಾಡುವುದಿಲ್ಲ. ವಯಸ್ಕ ಗಂಡಸು ಮಾತನಾಡುವಾಗ ತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಸಲ ಕಂಪಿಸುತ್ತವೆ, ಹೆಂಗಸಿನಲ್ಲಿ ಸುಮಾರು 190ರಿಂದ 220 ಸಲ. ಸೆಕೆಂಡಿಗೊಂದು ಕಂಪನವೆಂದರೆ ಒಂದು ಹರ್ಟ್ಜ್. ಸಂಗೀತ ಬಲ್ಲವರಿಗೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ: 120 ಹರ್ಟ್ಜನ್ನು ಷಡ್ಜವೆಂದು ಇಟ್ಟುಕೊಂಡರೆ 200 ಹರ್ಟ್ಜ್ ಅದರ ಶುದ್ಧ ಧೈವತ. ಷಡ್ಜದಿಂದ ಧೈವತದವರೆಗಿನ ಈ ಅಂತರವನ್ನು ಹಾಡುವಾಗ ಏರಿ ಇಳಿಯುವುದು ಬೇರೆ. ಬೆಳಗಿನಿಂದ ರಾತ್ರಿಯವರೆಗೆ ಮಾತಿನ ಶ್ರುತಿಯನ್ನೇ ಅಲ್ಲಿ ನಿಲ್ಲಿಸುವುದು ಬೇರೆ. ಸುಮಾರು 160ರಿಂದ 180 ಹರ್ಟ್ಜ್ ದಾಟಿದ ಮೇಲೆ ಕೇಳುಗರು ಧ್ವನಿಯನ್ನು ಹೆಣ್ಣಿನದೆಂದು ಭಾವಿಸುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಸಾಧ್ಯತೆ ಹೆಚ್ಚುವುದೇ ಹೊರತು ಖಾತ್ರಿಯಾಗುವುದಿಲ್ಲ.

ಖಾತ್ರಿಯಾಗದಿರಲು ಕಾರಣ, ಕಿವಿ ಕೇಳುವುದು ಶ್ರುತಿಯನ್ನಷ್ಟೇ ಅಲ್ಲ. ತಂತುಗಳಲ್ಲಿ ಹುಟ್ಟಿದ ನಾದ ಗಂಟಲು, ಬಾಯಿ, ತುಟಿಗಳ ನಾಳದಲ್ಲಿ ಅನುರಣನಗೊಂಡು ಹೊರಬರುತ್ತದೆ. ಗಂಡಸರಲ್ಲಿ ಈ ನಾಳದ ಉದ್ದ ಸುಮಾರು 17 ಸೆಂಟಿಮೀಟರ್, ಹೆಂಗಸರಲ್ಲಿ ಸುಮಾರು 14. ನಾಳ ಗಿಡ್ಡವಾದಷ್ಟೂ ಅನುರಣನದ ಬಣ್ಣ ತೆಳುವಾಗಿ ಮೇಲೇರುತ್ತದೆ. ಇದರ ಜೊತೆಗೆ ವಾಕ್ಯದ ಏರಿಳಿತ, ಒತ್ತು, ಉಸಿರು, ಪದಗಳ ನಡುವಿನ ನಿಲುಗಡೆ ಎಲ್ಲವೂ ಸೇರಿ ಕೇಳುಗನ ತೀರ್ಪು ಹುಟ್ಟುತ್ತದೆ. ಶ್ರುತಿ ಮಾತ್ರ ಏರಿ ಅನುರಣನ ಹಿಂದಿನಂತೆಯೇ ಉಳಿದರೆ ಹೊಮ್ಮುವ ಧ್ವನಿ ಹೆಣ್ಣಿನದೆನಿಸದೆ, ಗಂಡೊಬ್ಬ ಬಲವಂತವಾಗಿ ಏರಿಸಿದ ಕಳ್ಳಧ್ವನಿಯಲ್ಲಿ ಮಾತನಾಡಿದಂತೆ ಕೇಳಿಸಬಹುದು.

ಕಂಠದ ಹೆಣ್ತನ ಶ್ರುತಿಯೊಂದರಲ್ಲೇ ಇಲ್ಲ ಎಂಬುದಕ್ಕೆ ಧಾರವಾಡದ ನೆಲದಲ್ಲಿ ಸಾಕ್ಷಿಯಾಗಿ ಗುರು ಶಿಷ್ಯೆಯರ ಒಂದು ಜೋಡಿಯೇ ಇದೆ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರ ವಹಿಸಿ ಪ್ರೇಕ್ಷಕರನ್ನು ಒಲಿಸಿಕೊಂಡವರು. ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರ 1930ರ ದಶಕದ ಧ್ವನಿಮುದ್ರಿಕೆಗಳಲ್ಲಿ ತೆಳುವಾದ, ಏರುಶ್ರುತಿಯ ಕಂಠವಿದೆ; ಮುಂದೆ ಗಂಟಲಿನ ತೊಂದರೆಗೆ ಪಡೆದ ಚಿಕಿತ್ಸೆಯ ನಂತರ ಅದು ಗಡುಸಾಗಿ ಕೆಳಗಿಳಿಯಿತು. ಆ ಗಡಸು ಕಂಠದಲ್ಲೇ ಅವರು ಅರ್ಧ ಶತಮಾನ ಹಾಡಿ 2002ರಲ್ಲಿ ಪದ್ಮವಿಭೂಷಣ ಪಡೆದರು. ಯಕ್ಷಗಾನದ ಸ್ತ್ರೀವೇಷಧಾರಿಗಳೂ ಇದನ್ನೇ ತೋರಿಸುತ್ತಾರೆ. ತೆಂಕುತಿಟ್ಟಿನ ಕೋಳ್ಯೂರು ರಾಮಚಂದ್ರ ರಾಯರ ದಾಕ್ಷಾಯಿಣಿಯಾಗಲಿ, ಮಂಟಪ ಪ್ರಭಾಕರ ಉಪಾಧ್ಯರ ಏಕವ್ಯಕ್ತಿ ಪ್ರಯೋಗದ ನಾಯಕಿಯರಾಗಲಿ ಸಭೆಯನ್ನು ನಂಬಿಸುವುದು ಅರ್ಥಗಾರಿಕೆಯ ಲಯ, ಎಳೆತ, ಮಾತಿನ ಬಳುಕುಗಳಿಂದ. ಕಂಠವನ್ನು ಧೈವತಕ್ಕೆ ಏರಿಸಿಟ್ಟು ಅಲ್ಲ. ಇಲ್ಲಿ ಒಂದು ಎಚ್ಚರ ಬೇಕು. ವೇಷ ಬೆಳಗಾದರೆ ಕಳಚುವಂಥದ್ದು, ಟ್ರಾನ್ಸ್ ಮಹಿಳೆಯ ಹೆಣ್ತನ ಅವಳ ಬದುಕು. ಕಲಾವಿದರಿಂದ ನಾವು ಕಲಿಯುವುದು ಧ್ವನಿಶಾಸ್ತ್ರದ ಪಾಠವನ್ನಷ್ಟೇ: ಕಂಠದ ಹೆಣ್ತನ ಹಲವು ಎಳೆಗಳಿಂದ ನೇಯ್ದದ್ದು, ಅವುಗಳಲ್ಲಿ ಶ್ರುತಿ ಒಂದು.

ವಾಕ್‌ಚಿಕಿತ್ಸೆ ಕೈಹಾಕುವುದು ಈ ಎಲ್ಲ ಎಳೆಗಳಿಗೆ. ನಾಲಿಗೆಯನ್ನು ತುಸು ಮುಂದಿಟ್ಟು, ತುಟಿಗಳನ್ನು ಹರಡಿ, ಧ್ವನಿಪೆಟ್ಟಿಗೆಯನ್ನು ಬಿಗಿಯದೆ ಮೇಲಕ್ಕೆ ಸರಿಸುವ ಅಭ್ಯಾಸದಿಂದ ನಾಳವನ್ನು ಗಿಡ್ಡ ಮಾಡಬಹುದು. ಮೊದಲು ಒಂದು ಸ್ವರ, ಆಮೇಲೆ ಪದ, ಆಮೇಲೆ ಓದು, ಕೊನೆಗೆ ಸಂಭಾಷಣೆ ಎಂಬ ಕ್ರಮದಲ್ಲಿ ತಿಂಗಳುಗಟ್ಟಲೆ ಸಾಧನೆ ನಡೆಯುತ್ತದೆ. ಇದಕ್ಕೆ ಕತ್ತರಿ ಬೇಡ, ಗಾಯವಿಲ್ಲ, ಬೇಡವೆನಿಸಿದರೆ ಹಿಂದಿರುಗಲು ದಾರಿಯಿದೆ. ಅನೇಕರು ಇಷ್ಟರಿಂದಲೇ ತಮಗೆ ಬೇಕಾದ ಧ್ವನಿಯನ್ನು ಪಡೆಯುತ್ತಾರೆ. ಆದರೆ ಅದರ ಮಿತಿಯನ್ನೂ ಹೇಳಬೇಕು. ಕಲಿತ ಧ್ವನಿ ಎಚ್ಚರವನ್ನು ಬೇಡುತ್ತದೆ. ಕೆಮ್ಮು, ಸೀನು, ತಡೆಯದೆ ಬಂದ ನಗು, ನಿದ್ದೆಗಣ್ಣಿನ 'ಹಲೋ', ಬೀದಿಯಲ್ಲಿ ಭಯಪಟ್ಟು ಕೂಗಿದ ಕೂಗು, ಇವೆಲ್ಲ ಅಭ್ಯಾಸದ ಕೈಮೀರಿ ಹಳೆಯ ಶ್ರುತಿಗೆ ಜಾರಬಹುದು. ಅಭದ್ರ ಪರಿಸರದಲ್ಲಿ ಬದುಕುವವಳಿಗೆ ಇಂಥ ಒಂದು ಜಾರುವಿಕೆಯೇ ಅಪಾಯ ತರಬಹುದು. ದಿನವಿಡೀ ಕಂಠವನ್ನು ಕಾಯುವುದರಿಂದ ಬರುವ ದಣಿವೂ ನಿಜವಾದದ್ದೇ. ಶಸ್ತ್ರಚಿಕಿತ್ಸೆಗೆ ನ್ಯಾಯವಾದ ಎಡೆ ಹುಟ್ಟುವುದು ಇಲ್ಲಿ.

ತಂಬೂರಿಯ ತಂತಿಯ ಶ್ರುತಿ ಏರಿಸಲು ಇರುವ ದಾರಿಗಳು ಮೂರು: ಬಿಗಿಯಬೇಕು, ಗಿಡ್ಡ ಮಾಡಬೇಕು, ತೆಳುವಾದ ತಂತಿ ಹಾಕಬೇಕು. ಧ್ವನಿತಂತುಗಳ ಶಸ್ತ್ರಕ್ರಿಯೆಗಳೂ ಹೀಗೆಯೇ ಮೂರು ಕವಲಾಗಿವೆ. ಬಿಗಿಯುವ ದಾರಿಯನ್ನು ತೋರಿದವರು ಜಪಾನಿನ ಕ್ಯೋಟೊದ ನೊಬುಹಿಕೊ ಇಶ್ಶಿಕಿ. 1974ರಲ್ಲಿ ಅವರು ವಿವರಿಸಿದ ಥೈರೊಪ್ಲಾಸ್ಟಿ (ಧ್ವನಿಪೆಟ್ಟಿಗೆಯ ಮೃದ್ವಸ್ಥಿಯ ಶಸ್ತ್ರಕ್ರಿಯೆ) ಬಗೆಗಳಲ್ಲಿ ನಾಲ್ಕನೆಯದು ಇದು. ಕ್ರೈಕಾಯ್ಡ್, ಥೈರಾಯ್ಡ್ ಎಂಬ ಎರಡು ಮೃದ್ವಸ್ಥಿಗಳನ್ನು ಹೊಲಿಗೆಯಿಂದ ಹತ್ತಿರ ತಂದು ತಂತುಗಳನ್ನು ಸದಾ ಎಳೆದಿಡುವುದು ಇದರ ಸೂತ್ರ. ತಂತುಗಳನ್ನು ನೇರವಾಗಿ ಮುಟ್ಟುವುದಿಲ್ಲ, ಫಲ ಕೂಡಲೇ ಕೇಳಿಸುತ್ತದೆ, ಎಚ್ಚರದಲ್ಲಿಟ್ಟೇ ಶಸ್ತ್ರಕ್ರಿಯೆ ಮಾಡಬಹುದು. ಈ ಕಾರಣಗಳಿಂದ ಬಹುಕಾಲ ಇದೇ ಮುಂಚೂಣಿಯಲ್ಲಿತ್ತು. ದೋಷವಿರುವುದೂ ಆ ಸೂತ್ರದಲ್ಲಿಯೇ. ಮಾತಿನಲ್ಲಿ ಶ್ರುತಿಯನ್ನು ಏರಿಸಿ ಇಳಿಸುವ ಕ್ರೈಕೊಥೈರಾಯ್ಡ್ ಸ್ನಾಯುವಿನ ಕೆಲಸವನ್ನು ಹೊಲಿಗೆ ಕಸಿದುಕೊಳ್ಳುತ್ತದೆ. ಬಿಗಿದದ್ದು ಬಿಗಿದೇ ಇರುವುದರಿಂದ ಮಾತು ಏಕತಾನವಾಗಬಹುದು, ಕಳ್ಳಧ್ವನಿಯ ಛಾಯೆ ಬರಬಹುದು. ತಿಂಗಳುಗಳು, ವರ್ಷಗಳು ಕಳೆದಂತೆ ಹೊಲಿಗೆ ಸಡಿಲಗೊಂಡು ಅಂಗಾಂಶ ಹಿಗ್ಗಿ, ಏರಿದ ಶ್ರುತಿ ಮತ್ತೆ ಇಳಿದ ಪ್ರಕರಣಗಳು ಕಡಿಮೆಯಲ್ಲ.

ಗಿಡ್ಡ ಮಾಡುವ ದಾರಿ ಇಂದು ಹೆಚ್ಚು ಬಳಕೆಯಲ್ಲಿದೆ. 1982ರಲ್ಲಿ ಅಮೆರಿಕದ ಪಾಲ್ ಡೊನಾಲ್ಡ್ ಕುತ್ತಿಗೆ ತೆರೆದು ಮಾಡಿದ ಪ್ರಯತ್ನವನ್ನು ಬರ್ಲಿನ್ನಿನ ಯೂರ್ಗೆನ್ ವೆಂಡ್ಲರ್ 1990ರ ಆಸುಪಾಸಿನಲ್ಲಿ ಬಾಯಿಯ ಮೂಲಕವೇ, ಎಂಡೊಸ್ಕೋಪಿನಿಂದ ಸಾಧ್ಯವಾಗಿಸಿದರು. ಮುಂದೆ ಸೋಲ್ ನಗರದ ಹ್ಯುಂಗ್ ಟೇ ಕಿಮ್ ಅದನ್ನು ತಮ್ಮ ರೀತಿಯಲ್ಲಿ ಮಾರ್ಪಡಿಸಿ ಬಹಳ ಮಂದಿಗೆ ಮಾಡಿದರು. ಗ್ಲಾಟೊಪ್ಲಾಸ್ಟಿ ಎಂಬ ಈ ಕ್ರಿಯೆಯಲ್ಲಿ ಎರಡೂ ತಂತುಗಳ ಮುಂಭಾಗದ ಸುಮಾರು ಮೂರನೆಯ ಒಂದು ಭಾಗ ಅಥವಾ ಅದಕ್ಕಿಂತ ತುಸು ಹೆಚ್ಚಿನ ಲೋಳೆಪೊರೆಯನ್ನು ಸುಲಿದು, ಅಲ್ಲಿ ಒಂದಕ್ಕೊಂದು ಸೇರಿಸಿ ಹೊಲಿಯುತ್ತಾರೆ. ಗಾಯ ಮಾಗಿದಾಗ ಮುಂಭಾಗ ಬೆಸೆದುಕೊಂಡು, ಕಂಪಿಸಲು ಉಳಿಯುವ ಭಾಗ ಗಿಡ್ಡವಾಗುತ್ತದೆ. ಹೊರಗೆ ಕಲೆಯಿಲ್ಲ, ಶ್ರುತಿ ಏರಿಸುವ ಸ್ನಾಯು ತನ್ನ ಕೆಲಸ ಉಳಿಸಿಕೊಳ್ಳುತ್ತದೆ, ಕೆಮ್ಮು ಸೀನುಗಳೂ ಹಳೆಯ ಆಳಕ್ಕೆ ಇಳಿಯುವುದು ಕಷ್ಟವಾಗುತ್ತದೆ. ಷಡ್ಜದಲ್ಲಿದ್ದ ಕಂಠ ಸಾಮಾನ್ಯವಾಗಿ ತೀವ್ರ ಮಧ್ಯಮ ಅಥವಾ ಪಂಚಮದ ಬಳಿಗೆ ಬರುತ್ತದೆ. ಕೆಲವರಲ್ಲಿ ಅದಕ್ಕೂ ಮೇಲೆ, ಕೆಲವರಲ್ಲಿ ಅಷ್ಟೂ ಇಲ್ಲ. ಇದಕ್ಕೆ ತೆರುವ ಬೆಲೆಯೂ ಸಣ್ಣದಲ್ಲ. ಕಂಪಿಸುವ ಭಾಗ ಕಡಿಮೆಯಾದಂತೆ ಧ್ವನಿಯ ಗಟ್ಟಿತನ ಕುಗ್ಗುತ್ತದೆ, ಕೆಳಗಿನ ಸ್ವರಗಳು ಹೋಗುತ್ತವೆ, ಕೆಲವೊಮ್ಮೆ ಮೇಲಿನವೂ. ಒರಟುತನ, ಗಾಳಿ ಬೆರೆತ ಧ್ವನಿ, ಹೊಲಿಗೆ ಬಿಚ್ಚಿ ಮತ್ತೊಮ್ಮೆ ಮಾಡಬೇಕಾದ ಸಂದರ್ಭ ಇವೂ ಇವೆ. ಮೊದಲ ಒಂದು ವಾರ ಅಥವಾ ಇನ್ನೂ ಹೆಚ್ಚು ದಿನ ಸಂಪೂರ್ಣ ಮೌನ, ಆಮೇಲೆ ವಾರಗಟ್ಟಲೆ ಮಿತವಾದ ಮಾತು. ಧ್ವನಿ ನೆಲೆನಿಲ್ಲಲು ಹಲವು ತಿಂಗಳು.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ತಂತಿ ತೆಳುಮಾಡುವ ದಾರಿ ಲೇಸರಿನದು. ಒಂಟಿಯಾಗಿ ಅದರ ಲಾಭ ಚಿಕ್ಕದು, ಗಾಯದ ಕಲೆಯಿಂದ ತಂತು ಪೆಡಸಾಗಿ ಗೊಗ್ಗರು ಬರುವ ಭಯ ದೊಡ್ಡದು, ಆದ್ದರಿಂದ ಬಹುಮಟ್ಟಿಗೆ ಬೇರೆ ಕ್ರಿಯೆಗೆ ಪೂರಕವಾಗಿ ಬಳಸುತ್ತಾರೆ. ಥಾಯ್ಲೆಂಡಿನ ವೈದ್ಯರು 2000ರಲ್ಲಿ ಪ್ರಕಟಿಸಿದ, ಅಮೆರಿಕದ ಪೋರ್ಟ್‌ಲ್ಯಾಂಡಿನ ಜೇಮ್ಸ್ ಥಾಮಸ್ ಬೆಳೆಸಿದ ಮತ್ತೊಂದು ದಾರಿಯಲ್ಲಿ ಕುತ್ತಿಗೆ ತೆರೆದು ಧ್ವನಿಪೆಟ್ಟಿಗೆಯ ಮುಂಭಾಗದ ಒಂದು ಪಟ್ಟಿಯನ್ನೇ ತೆಗೆದು, ಪೆಟ್ಟಿಗೆಯನ್ನು ಮೇಲಕ್ಕೆತ್ತಿ ಕಟ್ಟುತ್ತಾರೆ. ಅನುರಣನದ ನಾಳವನ್ನೂ ಗಿಡ್ಡ ಮಾಡಲು ಹೊರಟಿದ್ದು ಇದರ ವಿಶೇಷ. ಕ್ರಿಯೆ ದೊಡ್ಡದಾದಷ್ಟು ತೊಡಕೂ ದೊಡ್ಡದು. ಇನ್ನು ಕಂಠಮಣಿಯನ್ನು ಕೆತ್ತಿ ತಗ್ಗಿಸುವ ಕ್ರಿಯೆಯ ಬಗ್ಗೆ ಒಂದು ತಪ್ಪುಕಲ್ಪನೆ ವ್ಯಾಪಕವಾಗಿದೆ. ಅದು ಕುತ್ತಿಗೆಯ ನೋಟವನ್ನು ಬದಲಿಸುತ್ತದೆ, ಧ್ವನಿಯನ್ನು ಹೆಣ್ಣಾಗಿಸುವುದಿಲ್ಲ. ಅತಿಯಾಗಿ ಕೆತ್ತಿ ತಂತುಗಳು ಅಂಟಿಕೊಂಡಿರುವ ಜಾಗಕ್ಕೆ ಪೆಟ್ಟಾದರೆ ಧ್ವನಿ ಇನ್ನೂ ಕೆಳಗಿಳಿಯಬಹುದು. ಕ್ರಮದ ಪ್ರಶ್ನೆಯೂ ಇದೆ: ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ಅರಿವಳಿಕೆಗಾಗಿ ಶ್ವಾಸನಾಳಕ್ಕೆ ಇಳಿಸುವ ಕೊಳವೆ ಬೆಸೆದ ತಂತುಗಳ ನಡುವೆಯೇ ಹಾಯಬೇಕು. ಹಾಗಾಗಿ ಧ್ವನಿಯ ಶಸ್ತ್ರಕ್ರಿಯೆಯನ್ನು ಕೊನೆಗಿಡುವುದು, ಇಲ್ಲವೇ ಮುಂದೆ ಅರಿವಳಿಕೆ ಕೊಡುವ ವೈದ್ಯರಿಗೆ ಅದನ್ನು ತಪ್ಪದೆ ತಿಳಿಸುವುದು ಜಾಣತನ.

ಈ ಆಯ್ಕೆಗಳ ಹಿಂದಿರುವ ಪುರಾವೆ ಎಂಥದ್ದು? ಬಹುಪಾಲು ವರದಿಗಳು ಒಬ್ಬ ಶಸ್ತ್ರವೈದ್ಯರು ಅಥವಾ ಒಂದು ಆಸ್ಪತ್ರೆ ತಮ್ಮದೇ ರೋಗಿಗಳ ಬಗ್ಗೆ ಬರೆದವು. ಸಂಖ್ಯೆ ಚಿಕ್ಕದು, ಅನೇಕ ಕಡೆ ಹಿಂಬಾಲಿಸಿದ ಅವಧಿ ಒಂದು ವರ್ಷಕ್ಕೂ ಕಡಿಮೆ. ಒಂದು ಕ್ರಿಯೆಯನ್ನು ಇನ್ನೊಂದರ ಎದುರು ಚೀಟಿ ಎತ್ತಿ ಹಂಚಿ ಹೋಲಿಸಿದ ಪ್ರಯೋಗಗಳು ಇಲ್ಲವೆನ್ನುವಷ್ಟು ವಿರಳ. ಇದಕ್ಕಿಂತ ಮುಖ್ಯವಾದ ಕೊರತೆ ಅಳೆಯುವ ವಸ್ತುವಿನಲ್ಲಿದೆ. 'ಆ' ಎಂದು ಎಳೆದ ಸ್ವರದ ಅಥವಾ ಪ್ರಯೋಗಾಲಯದಲ್ಲಿ ಓದಿದ ಪುಟದ ಹರ್ಟ್ಜನ್ನು ಅಳೆಯುವುದು ಸುಲಭ, ಆದ್ದರಿಂದ ಅದನ್ನೇ ಅಳೆದಿದ್ದಾರೆ. ಗಾಡಿಯ ಗದ್ದಲದಲ್ಲಿ ಮಾತು ಕೇಳಿಸಿತೇ, ಸಂಜೆಗೆ ಕಂಠ ಸೋತಿತೇ, ಫೋನಿನಲ್ಲಿ 'ಮೇಡಂ' ಎಂದರೇ ಎಂಬುದನ್ನು ಅಳೆದವರು ಕಡಿಮೆ. ಟ್ರಾನ್ಸ್ ಮಹಿಳೆಯರೇ ತಮ್ಮ ಧ್ವನಿಯ ಅನುಭವಕ್ಕೆ ಅಂಕ ಕೊಡುವ ಪ್ರಶ್ನಾವಳಿಯೊಂದನ್ನು ಆಸ್ಟ್ರೇಲಿಯಾದ ಸಂಶೋಧಕರು ರೂಪಿಸಿದ ಮೇಲೆ ಈ ಕೊರತೆ ತುಸು ತುಂಬುತ್ತಿದೆ. ಏರಿದ ಹರ್ಟ್ಜಿಗೂ ದೊರೆತ ಸಮಾಧಾನಕ್ಕೂ ನೇರ ಲೆಕ್ಕ ಕೂಡಿಬರುವುದಿಲ್ಲ ಎಂಬುದು ಈ ಬಗೆಯ ಅಧ್ಯಯನಗಳಲ್ಲಿ ಕಂಡ ಸಂಗತಿ. ಶ್ರುತಿ ಹೆಣ್ಣಿನ ಮಟ್ಟಕ್ಕೆ ಬಂದವರೆಲ್ಲ ತೃಪ್ತರಾಗಿಲ್ಲ, ಅಷ್ಟು ಬಾರದವರೆಲ್ಲ ಅತೃಪ್ತರೂ ಅಲ್ಲ.

ಆದ್ದರಿಂದ ನಾನು ಹೇಳಿದ ಅಳತೆಗೆ ಮರಳೋಣ. ಮುಂಬಯಿ ಗಟ್ಟಿಯಾಗಿ ಮಾತನಾಡಬೇಕಾದ ಊರು. ಮಾರುಕಟ್ಟೆಯಲ್ಲಿ ಕೂಗಿ ಮಾರುವವಳಿಗೆ, ಬಧಾಯಿಗೆ ಹೋಗಿ ಹಾಡಿ ಹರಸುವ ಹಿಜ್ರಾ ಸಮುದಾಯದವಳಿಗೆ, ಅರವತ್ತು ಮಕ್ಕಳ ತರಗತಿಯಲ್ಲಿ ಪಾಠ ಹೇಳುವವಳಿಗೆ ಗಟ್ಟಿತನವೇ ಅನ್ನ. ಅವಳ ಪಾಲಿಗೆ ಐವತ್ತು ಹರ್ಟ್ಜ್ ಗಳಿಸಿ ದನಿಯ ಬಲ ಕಳೆದುಕೊಳ್ಳುವುದು ನಷ್ಟದ ವ್ಯಾಪಾರವಾಗಬಹುದು. ದಿನಗೂಲಿಯವಳಿಗೆ ವಾರಗಟ್ಟಲೆ ಮೌನವೇ ಒಂದು ಖರ್ಚು. ಶಾಸ್ತ್ರೀಯ ಸಂಗೀತಗಾರ್ತಿಗೆ ಮೂರು ಸ್ಥಾಯಿಗಳ ಸಂಚಾರ ಕುಗ್ಗುವುದು ಕಲೆಯ ಅಂಗವನ್ನೇ ಕಳೆದುಕೊಂಡಂತೆ. ಇನ್ನೊಂದೆಡೆ, ಹೆಡ್‌ಫೋನ್ ಹಾಕಿ ಮೆಲುದನಿಯಲ್ಲೇ ದಿನವಿಡೀ ಗ್ರಾಹಕರೊಡನೆ ಮಾತನಾಡುವ ಕಾಲ್ ಸೆಂಟರ್ ಉದ್ಯೋಗಿಗೆ ಗಟ್ಟಿತನಕ್ಕಿಂತ ಶ್ರುತಿಯ ಸ್ಥಿರತೆ ಮುಖ್ಯ. ಗ್ಲಾಟೊಪ್ಲಾಸ್ಟಿ ಅವಳಿಗೆ ಒಳ್ಳೆಯ ಆಯ್ಕೆಯಾದೀತು. ಚೆಂಬೂರಿನ ಪಕ್ಕದ ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಲಿಂಗತಟಸ್ಥ ವಿದ್ಯಾರ್ಥಿನಿಲಯ ತೆರೆದದ್ದು ನಮಗೆ ಗೊತ್ತು. ಅಂಥ ಕಡೆ ಓದಿ ಹೊರಬರುವ ಟ್ರಾನ್ಸ್ ಯುವತಿ ನಾಳೆ ಸಭೆಗಳಲ್ಲಿ ವಾದಿಸಬೇಕಾದವಳು, ಸಂದರ್ಶನ ಎದುರಿಸಬೇಕಾದವಳು. ಅವಳ ಲೆಕ್ಕ ಮತ್ತೊಂದು. ಹೀಗಿರುವಾಗ 'ಯಾವ ಶಸ್ತ್ರಚಿಕಿತ್ಸೆ ಉತ್ತಮ' ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ಸಾಮಾನ್ಯವಾಗಿ ಹೇಳುವುದಾದರೆ, ಮಾತಿನ ಏರಿಳಿತವನ್ನು ಉಳಿಸುವ ಗ್ಲಾಟೊಪ್ಲಾಸ್ಟಿ ಬಿಗಿಯುವ ಕ್ರಿಯೆಗಿಂತ ಮೇಲು. ಆದರೆ ಯಾವ ಕ್ರಿಯೆಯಾದರೂ ಅದಕ್ಕೆ ಮೊದಲು ಮತ್ತು ನಂತರ ವಾಕ್‌ಚಿಕಿತ್ಸೆ ಇರಲೇಬೇಕು, ಏಕೆಂದರೆ ಹೊಲಿಗೆ ಶ್ರುತಿಯನ್ನು ಏರಿಸೀತೇ ಹೊರತು ಮಾತನ್ನು ಕಲಿಸದು.

ಇದಕ್ಕೆ ಮೊದಲ ಆಕ್ಷೇಪ ಟ್ರಾನ್ಸ್ ಮಹಿಳೆಯರಿಂದಲೇ ಬರುತ್ತದೆ. ಮೊದಲು ವಾಕ್‌ಚಿಕಿತ್ಸೆ ಎನ್ನುವುದು ಮತ್ತೊಂದು ಗೇಟು, ಪ್ರತಿ ಹೆಜ್ಜೆಗೂ ಮನೋವೈದ್ಯರ ಕಾಗದ, ಅಧಿಕಾರಿಯ ಸಹಿ ಕೇಳಿಸಿಕೊಂಡು ಬಂದವರಿಗೆ ಇನ್ನೊಂದು ಕಾಯುವ ಸಾಲು ಎಂಬುದು ಆ ಆಕ್ಷೇಪ. ಅದರ ಹಿಂದಿನ ನೋವು ನ್ಯಾಯವಾದದ್ದು. ಹಾಗಾಗಿ ಸ್ಪಷ್ಟವಾಗಿ ಹೇಳಬೇಕು: ವಾಕ್‌ಚಿಕಿತ್ಸೆಯಲ್ಲಿ ಇಷ್ಟು ಅಂಕ ಪಡೆದರೆ ಮಾತ್ರ ಶಸ್ತ್ರಚಿಕಿತ್ಸೆ ಎಂಬ ಷರತ್ತನ್ನು ನಾನು ಒಪ್ಪುವುದಿಲ್ಲ. ಅದು ಅರ್ಹತೆಯ ಪರೀಕ್ಷೆಯಾಗದೆ ಸಿದ್ಧತೆಯಾಗಬೇಕು. ಶಸ್ತ್ರಕ್ರಿಯೆಗೆ ಮೊದಲು ಅನುರಣನವನ್ನು ಸರಿಮಾಡಿಕೊಂಡವಳು ನಂತರ ಏರಿದ ಶ್ರುತಿಯನ್ನು ಒತ್ತಡವಿಲ್ಲದೆ ಬಳಸಬಲ್ಲಳು. ತನಗೆ ಎಷ್ಟು ಬೇಕು, ಎಷ್ಟು ಸಾಕು ಎಂಬುದನ್ನೂ ಅವಳು ಆ ಅಭ್ಯಾಸದಲ್ಲೇ ಅರಿತಿರುತ್ತಾಳೆ. ಮರಳಿ ಪಡೆಯಲಾಗದ ಹೆಜ್ಜೆ ಇಡುವ ಮುನ್ನ ಇಂಥ ಅರಿವು ಸಿಗುವುದು ಅವಳ ಹಕ್ಕನ್ನು ಮೊಟಕುಗೊಳಿಸುವುದಿಲ್ಲ, ಬಲಪಡಿಸುತ್ತದೆ.

ಎರಡನೆಯ ಆಕ್ಷೇಪ ಸಜ್ಜನರದು. ಬದಲಾಗಬೇಕಾದದ್ದು ಕೇಳುವ ಕಿವಿ, ಕಂಠವನ್ನೇಕೆ ಕೊಯ್ಯಬೇಕು ಎನ್ನುತ್ತಾರೆ ಅವರು. ಗಂಗೂಬಾಯಿಯವರ ಗಡಸು ಕಂಠಕ್ಕೆ ನಾಡೇ ತಲೆಬಾಗಲಿಲ್ಲವೇ ಎಂದೂ ಕೇಳುತ್ತಾರೆ. ಕಿವಿ ಬದಲಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. 2019ರಲ್ಲಿ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪಡೆದದ್ದು ಕನ್ನಡದ ಕಿವಿ ಬದಲಾಗುತ್ತಿರುವುದರ ಗುರುತು. ಆದರೆ ಗಂಗೂಬಾಯಿಯವರ ಉದಾಹರಣೆಯನ್ನು ಇಲ್ಲಿ ತಿರುಗಿಸಿ ಬಳಸುವುದು ಸಲ್ಲದು. ಅವರ ಧ್ವನಿ ಗಡುಸಾದಾಗ ಅವರು ಹೆಣ್ಣೇ ಎಂಬುದನ್ನು ಸಾಬೀತು ಮಾಡಿರೆಂದು ಯಾರೂ ಕೇಳಲಿಲ್ಲ; ಲೇಡೀಸ್ ಡಬ್ಬಿಯಿಂದ ಇಳಿಯಿರೆಂದು ಹೇಳಲಿಲ್ಲ. ಟ್ರಾನ್ಸ್ ಮಹಿಳೆಗೆ ಅದೇ ಗಡಸುತನ ನಿತ್ಯದ ವಿಚಾರಣೆಯಾಗುತ್ತದೆ. ಅದೂ ಅಲ್ಲದೆ, ಎಲ್ಲರೂ ಪರರ ಕಿವಿಗಾಗಿಯೇ ಧ್ವನಿ ಬದಲಿಸಿಕೊಳ್ಳುವುದಿಲ್ಲ. ಒಂಟಿಯಾಗಿ ಕೂತು ಗುನುಗಿದಾಗಲೂ ತನ್ನ ಕಂಠ ತನ್ನದೆನಿಸಬೇಕೆಂಬ ಹಂಬಲ ಅನೇಕರದು. ಸಮಾಜ ಸುಧಾರಿಸುವವರೆಗೆ ಕಾಯಿರಿ ಎಂದು ಅವರಿಗೆ ಹೇಳುವ ಅಧಿಕಾರ ನಮಗಿಲ್ಲ. ಶಸ್ತ್ರಚಿಕಿತ್ಸೆ ಬೇಡವೆನ್ನುವವಳ ಧ್ವನಿಯನ್ನೂ ಬೇಕೆನ್ನುವವಳ ಧ್ವನಿಯನ್ನೂ ಒಂದೇ ಗೌರವದಿಂದ ಕೇಳಿಸಿಕೊಂಡರೆ ಈ ಆಕ್ಷೇಪಕ್ಕೆ ಉತ್ತರ ಸಿಕ್ಕಂತೆ.

ಮೂರನೆಯ ಆಕ್ಷೇಪ ದುಡ್ಡಿನದು. ಕ್ಷಯ, ಕ್ಯಾನ್ಸರ್‌ಗಳಿಗೇ ಹಾಸಿಗೆ ಸಿಗದ ಊರಿನಲ್ಲಿ ಸೌಂದರ್ಯದ ಶಸ್ತ್ರಚಿಕಿತ್ಸೆಗೆ ಸರ್ಕಾರದ ಹಣವೇಕೆ ಎಂಬುದು. ಗಾಡಿಯಲ್ಲಿ, ಬ್ಯಾಂಕಿನಲ್ಲಿ, ಕೆಲಸದ ಸಂದರ್ಶನದಲ್ಲಿ ವ್ಯಕ್ತಿಯ ಸುರಕ್ಷತೆ ಮತ್ತು ಸಂಪಾದನೆಯನ್ನು ನಿರ್ಣಯಿಸುವ ಅಂಗವನ್ನು ಸೌಂದರ್ಯದ ಪಟ್ಟಿಗೆ ಸೇರಿಸುವುದು ವಾಸ್ತವಕ್ಕೆ ದೂರ. ಸುಪ್ರೀಂ ಕೋರ್ಟು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಮೊಕದ್ದಮೆಯ 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಲಿಂಗ ಗುರುತನ್ನು ತಾನೇ ನಿರ್ಣಯಿಸಿಕೊಳ್ಳುವ ಹಕ್ಕನ್ನು ಮನ್ನಿಸಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆಯ 15ನೆಯ ವಿಧಿ ಶಸ್ತ್ರಚಿಕಿತ್ಸೆ, ಹಾರ್ಮೋನ್ ಚಿಕಿತ್ಸೆ, ಲೇಸರ್ ಚಿಕಿತ್ಸೆಗಳನ್ನು ಹೆಸರಿಸಿ ವಿಮೆಯ ಮಾತನ್ನಾಡಿತು; ಧ್ವನಿಯ ಹೆಸರೆತ್ತಲಿಲ್ಲ. ಆದರೆ ಅದೇ ವಿಧಿ ಆರೋಗ್ಯ ಕೈಪಿಡಿಯನ್ನು ಟ್ರಾನ್ಸ್‌ಜೆಂಡರ್ ಆರೋಗ್ಯದ ವಿಶ್ವ ವೃತ್ತಿಪರ ಸಂಘಟನೆಯ ಮಾರ್ಗಸೂಚಿಯಂತೆ ರಚಿಸಬೇಕೆಂದಿತು. ಆ ಮಾರ್ಗಸೂಚಿಯ 2022ರ ಎಂಟನೆಯ ಆವೃತ್ತಿಯಲ್ಲಿ ಧ್ವನಿ ಮತ್ತು ಸಂವಹನಕ್ಕೆ ಒಂದು ಇಡೀ ಅಧ್ಯಾಯವಿದೆ. 2022ರ ಆಗಸ್ಟಿನಲ್ಲಿ ಆಯುಷ್ಮಾನ್ ಭಾರತದಡಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆ ಕೊಡುವ ಒಪ್ಪಂದವೂ ಆಯಿತು. ಕಾನೂನು ತಾನೇ ಒಪ್ಪಿದ ಮಾರ್ಗದರ್ಶಿಯನ್ನು ಅನುಸರಿಸುವುದಾದರೆ ಧ್ವನಿಗೂ ಸ್ಪಷ್ಟವಾದ ಸ್ಥಾನ ಸಿಗಲೇಬೇಕು. ಖರ್ಚಿನ ವಾದ ಮಾಡುವವರು ಇದನ್ನೂ ಗಮನಿಸಲಿ: ವಾಕ್‌ಚಿಕಿತ್ಸೆ ಸುಲಭವಾಗಿ ಸಿಕ್ಕಲ್ಲಿ ಅನೇಕರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುವುದಿಲ್ಲ.

ಸಾಧನಗಳು ನಮ್ಮಲ್ಲಿಲ್ಲವೆಂದೂ ಅಲ್ಲ. ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆಯಿದೆ, ಮುಂಬಯಿ ಸೆಂಟ್ರಲಿನ ನಾಯರ್ ಆಸ್ಪತ್ರೆಯಲ್ಲಿ ದಶಕಗಳ ಹಳೆಯ ವಾಕ್ ಶ್ರವಣ ಶಾಲೆಯಿದೆ, ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹದಿಹರೆಯ ಕಳೆದರೂ ಒಡೆಯದ ಹುಡುಗರ ಧ್ವನಿಯನ್ನು ಅಭ್ಯಾಸದಿಂದಲೂ ಅಗತ್ಯಬಿದ್ದರೆ ಶಸ್ತ್ರದಿಂದಲೂ ಕೆಳಗಿಳಿಸುವುದರಲ್ಲಿ ನಮ್ಮ ಕಿವಿ ಮೂಗು ಗಂಟಲು ವೈದ್ಯರು, ವಾಕ್‌ಚಿಕಿತ್ಸಕರು ಬಹುಕಾಲದಿಂದ ಪಳಗಿದ್ದಾರೆ. ಗಂಡಿಗೆ ಗಂಡುಧ್ವನಿ ಕೊಡುವುದನ್ನು ಚಿಕಿತ್ಸೆಯೆಂದು ಒಪ್ಪಿದ ನಾವು ಹೆಣ್ಣಿಗೆ ಹೆಣ್ಣುಧ್ವನಿ ಕೊಡುವುದನ್ನು ಶೋಕಿಯೆನ್ನಲು ಯಾವ ತರ್ಕವೂ ಇಲ್ಲ. ಈ ಸಂಸ್ಥೆಗಳು ಕನ್ನಡ, ಮರಾಠಿ, ಹಿಂದಿಗಳಲ್ಲಿ, ಆಯಾ ಭಾಷೆಯ ವಾಕ್ಯದ ಏರಿಳಿತಕ್ಕೆ ಹೊಂದುವ ಅಭ್ಯಾಸಗಳನ್ನು ರೂಪಿಸಿ ಟ್ರಾನ್ಸ್ ಮಹಿಳೆಯರಿಗಾಗಿಯೇ ಸಂಜೆಯ ಕ್ಲಿನಿಕ್ ನಡೆಸಲಿ. ಶಸ್ತ್ರಕ್ರಿಯೆ ಮಾಡುವ ಆಸ್ಪತ್ರೆಗಳು ಹರ್ಟ್ಜಿನ ಜೊತೆಗೆ ಗಟ್ಟಿತನ, ದಣಿವು, ಸಮಾಧಾನಗಳನ್ನೂ ಎರಡು ಮೂರು ವರ್ಷ ದಾಖಲಿಸಿ ಪ್ರಕಟಿಸಲಿ. ಶಸ್ತ್ರವೈದ್ಯರ ಎದುರು ಕೂರುವ ಮಹಿಳೆ ಐದು ಪ್ರಶ್ನೆಗಳನ್ನು ಬರೆದುಕೊಂಡೇ ಹೋಗಲಿ: ನೀವು ಈ ಕ್ರಿಯೆಯನ್ನು ಎಷ್ಟು ಮಂದಿಗೆ ಮಾಡಿದ್ದೀರಿ, ವರ್ಷದ ನಂತರ ಅವರ ಧ್ವನಿ ಹೇಗಿದೆ ಎಂದು ಕೇಳಿಸಬಲ್ಲಿರಾ, ನನ್ನ ದನಿಯ ಬಲ ಎಷ್ಟು ಕುಗ್ಗಬಹುದು, ಫಲ ಕಡಿಮೆಯಾದರೆ ಮುಂದೇನು, ನನ್ನ ವಾಕ್‌ಚಿಕಿತ್ಸಕಿಯೊಡನೆ ನೀವು ಮಾತನಾಡುವಿರಾ? ಈ ಐದಕ್ಕೂ ನೇರ ಉತ್ತರ ಕೊಡುವ ವೈದ್ಯರು ಸಾರ್ವಜನಿಕ ಆಸ್ಪತ್ರೆಯಲ್ಲೇ ಸಿಗುವಂತಾಗಬೇಕು. ಅದನ್ನು ಮಹಾನಗರಪಾಲಿಕೆಯಿಂದ, ರಾಜ್ಯದಿಂದ ಕೇಳಿ ಪಡೆಯುವ ಕೆಲಸದಲ್ಲಿ ಮುಂಬಯಿಯ ಕನ್ನಡ ಸಂಘಗಳೂ ತಮ್ಮ ದನಿಗೂಡಿಸಬೇಕೆಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.